ಮೂರು ವಿಮಾನ ಮತ್ತು ದನ ಅಳೆಯುವ ಟೇಪು

ನಾನು ದನದ ಡಾಕ್ಟರು. ಹುಟ್ಟಿದ್ದು ಗಡಿಯಾಚೆಯ ಮರಾಠಿ ಸೀಮೆಯ ನಿಲಂಗಾದಲ್ಲಿ, ಓದಿದ್ದು ಉದಗೀರದಲ್ಲಿ. ನೌಕರಿಯೆಲ್ಲ ಕಳೆದದ್ದು ಅವೆರಡರ ಆಸುಪಾಸಿನ ಸರ್ಕಾರಿ ಪಶು ದವಾಖಾನೆಗಳಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ದನಗಳ ಜೊತೆ ಆ ಹೊತ್ತಿಗೆ ಬಾಯಿಗೆ ಬಂದದ್ದು. ಐವತ್ತು ದಾಟುವ ತನಕ ನಾನು ವಿಮಾನವನ್ನು ನೋಡಿದ್ದು ಕೆಳಗಿನಿಂದ ಮಾತ್ರ. ಆಮೇಲೆ ಎರಡು ವಾರದೊಳಗೆ ಮೂರು ದೇಶಗಳ ಮೂರು ಕಂಪನಿಯ ವಿಮಾನ ಹತ್ತಿ ಇಳಿದೆ. ಈಗ ನಮ್ಮ ಕಡೆ ಯಾರಾದರೂ ವಿದೇಶಕ್ಕೆ ಹೊರಟರೆ ಯಾವ ವಿಮಾನ ಒಳ್ಳೆಯದೆಂದು ನನ್ನನ್ನು ಕೇಳಲು ಬರುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಮೊಬೈಲಿನಲ್ಲಿ ಬೇರೆಯೇ ಬರೆದಿದೆ ಅಂದು ಎದ್ದು ಹೋಗುತ್ತಾರೆ. ಹಾಗಾಗಿ ನಾನೂ ಬರೆದೇ ಇಡೋಣವೆನ್ನಿಸಿತು.

ನನ್ನ ಜೊತೆ ಬಂದವರು ಒಬ್ಬ ರೈತರು. ದೇವಣಿಯ ಹತ್ತಿರದ ಊರು, ಮನೆ ತುಂಬ ದೇವಣಿ ತಳಿಯ ದನ. ವಯಸ್ಸು ಅರವತ್ತೈದರ ಮೇಲೆ. ಇಡೀ ತಾಲೂಕು ಅವರನ್ನು ಕಾಕಾ ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಅನ್ನುವ ಸೀಮೆ ನಮ್ಮದು, ಅವರಿಗೆ ನಾನು ಡಾಕ್ಟರಬಾಯಿ. ಆಳು ಬಹಳ ಎತ್ತರ. ಬಾಗಿಲು ದಾಟುವಾಗ ತಲೆ ತಗ್ಗಿಸುವುದು ಅವರಿಗೆ ಉಸಿರಾಡಿದಷ್ಟೇ ರೂಢಿ. ಬಿಳಿ ಧೋತರ, ತಲೆಗೆ ರುಮಾಲು, ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಲಿಂಗ. ಸ್ನಾನ ಆಗದಿದ್ದರೆ ಕೈಕಾಲು ಮುಖವಾದರೂ ತೊಳೆದು, ಲಿಂಗಪೂಜೆ ಮುಗಿಸದೆ ಒಂದು ಗುಟುಕು ಚಹಾವನ್ನೂ ಕುಡಿದವರಲ್ಲ.

ಒಮ್ಮೆ ನಮಗಿಬ್ಬರಿಗೂ ಜಗಳವಾಗಿತ್ತು. ದನಗಳನ್ನು ಟೆಂಪೋದಲ್ಲಿ ಸಾಗಿಸಬೇಕಾದರೆ ನನ್ನಂಥವರ ಸರ್ಟಿಫಿಕೇಟು ಬೇಕು: ದನ ಆರೋಗ್ಯವಾಗಿದೆ, ನಿಲ್ಲಲು ಜಾಗ ಸಾಕಷ್ಟಿದೆ, ದಾರಿಯಲ್ಲಿ ನೀರು ಮೇವಿನ ವ್ಯವಸ್ಥೆ ಇದೆ ಅಂತ. ಇದಕ್ಕಾಗಿ ನನ್ನ ಚೀಲದಲ್ಲಿ ಯಾವತ್ತೂ ಒಂದು ಟೇಪು ಇರುತ್ತದೆ. ದನದ ಎದೆಯ ಸುತ್ತಳತೆಗೆಂದು ಇಟ್ಟುಕೊಂಡದ್ದು, ಟೆಂಪೋ ಅಳೆಯಲೂ ಬರುತ್ತದೆ. ಕಾಕಾ ಇನ್ನೂ ಕರು ಹಾಕದ ನಾಲ್ಕು ಮಣಕಗಳನ್ನು ಶಿರೂರ ಅನಂತಪಾಳಕ್ಕೆ ಒಯ್ಯುವವರಿದ್ದರು. ನಾನು ಟೆಂಪೋ ಅಳೆದು ಮೂರಕ್ಕೆ ಮಾತ್ರ ಸಹಿ ಹಾಕಿದೆ.

"ನಾಕೂ ಹಿಡೀತಾವ್ರೀ ಡಾಕ್ಟರಬಾಯಿ. ಒತ್ತಿ ನಿಂತ್ರ ಬೀಳಂಗಿಲ್ಲ," ಅಂದರು ಕಾಕಾ.

"ಒತ್ತಿ ನಿಂತ್ರ ಉಸಿರು ಹ್ಯಾಂಗ ಆಡಬೇಕ್ರೀ ಕಾಕಾ? ಮೂರೇ."

ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಅವರ ಹೋರಿಗೆ ಹೊಟ್ಟೆ ಉಬ್ಬರಿಸಿತು. ನಾನು ಹೋದೆ, ಹೋರಿ ಉಳಿಯಿತು, ಮಾತೂ ಶುರುವಾಯಿತು. ಅದೇ ಹೋರಿ ಮುಂದೆ ಪ್ರದರ್ಶನದಲ್ಲಿ ಮೊದಲನೆಯ ಬಹುಮಾನ ಪಡೆಯಿತು. ಅದರ ಫೋಟೋ ಎಲ್ಲೆಲ್ಲೋ ಹರಿದಾಡಿ, ಕೊನೆಗೆ ಬ್ರೆಜಿಲ್ಲಿನ ದನ ಸಾಕುವವರ ಒಂದು ಸಂಘದ ಕಣ್ಣಿಗೆ ಬಿತ್ತು. ಆ ಜನ ತಲೆಮಾರುಗಳ ಹಿಂದೆ ನಮ್ಮ ದೇಶದ, ಹೆಗಲ ಮೇಲೆ ಡುಬ್ಬ ಇರುವ ದನಗಳನ್ನು ಹಡಗಿನಲ್ಲಿ ಒಯ್ದು ಬೆಳೆಸಿಕೊಂಡವರು. ತಮ್ಮ ಪ್ರದರ್ಶನಕ್ಕೆ ಬನ್ನಿ ಅಂತ ಕಾಕಾನಿಗೆ ಪತ್ರ ಬಂತು. ಜೊತೆಗೆ ಇಂಗ್ಲಿಷ್ ಬಲ್ಲ ಒಬ್ಬ ಪಶುವೈದ್ಯರು ಬರಬಹುದು ಅಂತಲೂ ಇತ್ತು. ನನ್ನ ಇಂಗ್ಲಿಷ್ ಔಷಧದ ಬಾಟಲಿ ಮೇಲಿನದು ಮತ್ತು ಸುತ್ತೋಲೆಯದು. ಆದರೆ ಬೇರೆ ಯಾರೂ ಮುಂದೆ ಬರಲಿಲ್ಲ. ಹೋರಿ ಮಾತ್ರ ಬರುವಂತಿರಲಿಲ್ಲ, ಅದಕ್ಕೆ ಪಾಸ್‌ಪೋರ್ಟು ಇರಲಿಲ್ಲ.

ಉದಗೀರದ ಟಿಕೆಟ್ ಅಂಗಡಿಯವನು ಹೋಗಲು ಒಂದು ಕಂಪನಿ, ಬರಲು ಬೇರೆ ಎರಡು ಕಂಪನಿಯ ವಿಮಾನ ಹಚ್ಚಿಕೊಟ್ಟ. ಕಂಪ್ಯೂಟರಿನಲ್ಲಿ ಊಟದ ಪಟ್ಟಿ ಬಂದಾಗ ನನ್ನ ಕಡೆ ತಿರುಗಿದ. "ಬಾಯಿ, ಇಲ್ಲಿ ಹಿಂದೂ ಊಟ ಅಂತ ಅದ. ಹಾಕಲಾ?"

"ಹಾಕು," ಅಂದೆ. ಕಾಕಾ ಹಿಂದೂ, ಊಟವೂ ಹಿಂದೂ, ಇನ್ನೇನು ಬೇಕು?

ಹೈದರಾಬಾದಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಾಕಾನ ಚೀಲ ಬಿಚ್ಚಿಸಿದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಒಂದು ಕಂಬಳಿ, ಒಂದು ವಿಭೂತಿ ಗಟ್ಟಿ. ನನ್ನ ಟೇಪನ್ನು ಮೂರು ಸಲ ಎಳೆದು ಬಿಟ್ಟು ನೋಡಿದರು. ಕಾವಲಿನವನು ವಿಭೂತಿಯನ್ನು ಮೂಸಿ ನೋಡಿ, ಸ್ವಲ್ಪ ತನ್ನ ಹಣೆಗೂ ಹಚ್ಚಿಕೊಂಡು ಬಿಟ್ಟುಬಿಟ್ಟ.

ಮೊದಲನೆಯ ವಿಮಾನ ಕೊಲ್ಲಿಯ ಕಡೆಯದು, ಬಹಳ ಶ್ರೀಮಂತ ಕಂಪನಿಯದು. ಬಾಗಿಲಲ್ಲೇ ಐದು ಜನ ಗಗನಸಖಿಯರು ಕೈಮುಗಿದು ನಿಂತಿದ್ದರು. ಒಂದೇ ಬಣ್ಣದ ಟೋಪಿ, ಒಂದೇ ಬಣ್ಣದ ತುಟಿ, ಒಂದೇ ಅಳತೆಯ ನಗು. ಕೈಮುಗಿದವರಿಗೆ ಕೈಮುಗಿಯದೆ ಹೋಗುವುದು ಕಾಕಾನಿಗೆ ಗೊತ್ತಿಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು, ಚೀಲ ಕೆಳಗಿಟ್ಟು, ಎರಡೂ ಕೈ ಜೋಡಿಸಿ, "ಶರಣ್ರೀ" ಅಂದು ಮುಂದೆ ಹೋದರು. ಐದನೆಯವಳಿಗೆ ಶರಣು ಹೇಳುವ ಹೊತ್ತಿಗೆ ನಮ್ಮ ಹಿಂದಿನ ಸಾಲು ಏಣಿಯ ಬುಡ ಮುಟ್ಟಿತ್ತು.

ಒಳಗೆ ಕಾಲಿಟ್ಟ ಕೂಡಲೇ ಮಂಚದಂಥ ಸೀಟುಗಳು. ಒಂದೊಂದಕ್ಕೂ ಪುಟ್ಟ ಗೋಡೆ, ದೀಪ, ಮೇಜು. ಕಾಕಾ ತೃಪ್ತಿಯಿಂದ ಒಂದರ ಮೇಲೆ ಕೂತು ಕಾಲು ಚಾಚಿದರು. ಟೋಪಿಯವಳು ಬಂದು, ನಗು ಒಂದು ಕೂದಲಷ್ಟೂ ಕದಲಿಸದೆ, ಇದಲ್ಲ, ಇನ್ನೂ ಮುಂದೆ ಅಂದಳು. ಮುಂದೆ ಹೋದೆವು. ಪರದೆ. ಅಲ್ಲಿ ಸೀಟು ಸ್ವಲ್ಪ ಸಣ್ಣದು. ಇನ್ನೂ ಮುಂದೆ ಅಂದರು. ಇನ್ನೊಂದು ಪರದೆ. ಪರದೆ ದಾಟಿದ ಹಾಗೆಲ್ಲ ಸೀಟೂ ಸಣ್ಣದಾಯಿತು, ನಗುವೂ ಸಣ್ಣದಾಯಿತು. ನಮ್ಮ ಜಾಗ ಪಾಯಖಾನೆಗೆ ಎರಡು ಸಾಲು ಮುಂದೆ ಇತ್ತು. ಅಲ್ಲಿ ಯಾರೂ ನಗುತ್ತಿರಲಿಲ್ಲ.

ಕಾಕಾ ನಿಂತೇ ಇದ್ದರು. "ಡಾಕ್ಟರಬಾಯಿ, ಇದರಾಗ ಕೂಡ್ರೋದು ಹ್ಯಾಂಗ್ರೀ?"

"ಎಲ್ಲಾರೂ ಕೂತಾರಲ್ರೀ."

"ಅವರ ಕಾಲು ಗಿಡ್ಡ ಅವ."

ಕೊನೆಗೆ ಅಡ್ಡಡ್ಡ ಕೂತರು. ಒಂದು ಮೊಳಕಾಲು ಮುಂದಿನ ಸೀಟಿಗೆ ಒತ್ತಿತ್ತು, ಇನ್ನೊಂದು ಓಡಾಡುವ ದಾರಿಯಲ್ಲಿ ಇತ್ತು. ಹಾಗೇ ಒಂದು ನಿಮಿಷ ಯೋಚನೆ ಮಾಡಿ, ನನ್ನನ್ನೇ ನೋಡುತ್ತ ಅಂದರು: "ನಿಮ್ಮ ಟೇಪ್ ಎಲ್ಲದ?"

ಅವರ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಗೊತ್ತಾಯಿತು. ಇಷ್ಟು ವರ್ಷ ಆದರೂ ಆ ನಾಲ್ಕನೆಯ ಮಣಕವನ್ನು ಅವರು ಮರೆತಿರಲಿಲ್ಲ. ಟೇಪು ತೆಗೆದೆ. ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿನ ತನಕ ಹಿಡಿದೆ. ಆಮೇಲೆ ಕಾಕಾನ ಸೊಂಟದಿಂದ ಮೊಳಕಾಲಿನ ತುದಿಗೆ ಹಿಡಿದೆ. ಕಾಕಾನೇ ನಾಲ್ಕು ಬೆರಳು ಹೆಚ್ಚು ಇದ್ದರು.

"ಇದಕ್ಕ ಸಹಿ ಹಾಕ್ತೀರೇನು?" ಅಂತ ಕೇಳಿದರು.

"ಇಲ್ರೀ ಕಾಕಾ," ಅಂದೆ. ಸುಳ್ಳು ಹೇಳಲು ನನಗೆ ಆಗಲಿಲ್ಲ. ನಿಯಮದ ಪ್ರಕಾರ ಆ ಸಾಲಿನ ಮೂವರಲ್ಲಿ ಒಬ್ಬರನ್ನು ಇಳಿಸಬೇಕಿತ್ತು.

ಅಷ್ಟರಲ್ಲಿ ಒಬ್ಬ ಗಗನಸಖಿ ಬಂದು ಏನು ಮಾಡುತ್ತಿದ್ದೀರಿ ಅಂತ ಇಂಗ್ಲಿಷಿನಲ್ಲಿ ವಿಚಾರಿಸಿದಳು. ಅಳೆಯುತ್ತಿದ್ದೇನೆ ಅಂದೆ. ಯಾಕೆ ಅಂದಳು. ಇದು ನನ್ನ ವೃತ್ತಿ ಅಂದೆ. ವಿಮಾನ ಏರುವಾಗ ಯಾವ ಉಪಕರಣವನ್ನೂ ಬಳಸಬಾರದೆಂದು ತಿಳಿಸಿ, ಟೇಪನ್ನು ಚೀಲದಲ್ಲಿ ಹಾಕಿಸಿ, ನಿಮ್ಮ ಪ್ರಯಾಣ ಸುಖಕರವಾಗಲಿ ಎಂದು ಹಾರೈಸಿ ಹೋದಳು.

ಮೇಲೆ ಹೋದ ಮೇಲೆ ಕಾಕಾ ಪೂಜೆಗೆ ಒಂದು ಲೋಟ ನೀರು ಕೇಳಿದರು. ನಾನು ಬೆಲ್ಲು ಒತ್ತಿದೆ. ಒಬ್ಬಳು ಬಂದಳು, "ಖಂಡಿತ" ಅಂದಳು, ಹೋದಳು. ಬಹಳ ಹೊತ್ತಾದ ಮೇಲೆ ಮತ್ತೆ ಒತ್ತಿದೆ. ಬೇರೊಬ್ಬಳು ಬಂದು "ಈಗಲೇ" ಅಂದಳು. ಮೂರನೆಯವಳು "ಅದು ನಮ್ಮ ಸಂತೋಷ" ಅಂದಳು. ಆ ಸಂತೋಷ ಅವರ ಹತ್ತಿರವೇ ಉಳಿಯಿತು, ನೀರು ಬರಲಿಲ್ಲ. ನೀರಿನ ಬದಲು ಊಟದ ಗಾಡಿ ಬಂತು.

ಕಾಕಾನ ತಟ್ಟೆಯ ಮೇಲೆ "ಹಿಂದೂ ಊಟ" ಅಂತ ಚೀಟಿ ಅಂಟಿಸಿತ್ತು. ನಾನೇ ಮೇಲಿನ ಹಾಳೆ ತೆಗೆದೆ. ಒಳಗೆ ಅನ್ನ, ಅನ್ನದ ಪಕ್ಕ ಕೋಳಿಯ ಕಾಲು. ತಟ್ಟನೆ ಮುಚ್ಚಿದೆ, ಆದರೆ ಕಾಕಾ ನೋಡಿಬಿಟ್ಟಿದ್ದರು. ಜೀವಮಾನದಲ್ಲಿ ಮಾಂಸದ ತಟ್ಟೆಯ ಮುಂದೆ ಕೂಡದವರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಆಗ ಬಹಳ ಕೆಳಗಿತ್ತು. ಗಗನಸಖಿಯನ್ನು ಕರೆದು ಕೇಳಿದೆ. ಹಿಂದೂ ಊಟ ಅಂದರೆ ಗೋಮಾಂಸ ಇಲ್ಲದ ಊಟ, ಶಾಕಾಹಾರಕ್ಕೆ ಬೇರೆಯೇ ಹೆಸರಿದೆ, ಅದನ್ನು ಮೊದಲೇ ಹೇಳಬೇಕಿತ್ತು ಅಂತ ಅವಳು ಬಹಳ ನಯವಾಗಿ ವಿವರಿಸಿದಳು.

ಕಾಕಾನಿಗೆ ತಿಳಿಸಿ ಹೇಳಿದೆ. ಸಿಟ್ಟಾಗುತ್ತಾರೆಂದುಕೊಂಡರೆ, ಅವರು ಆ ಚೀಟಿಯನ್ನೇ ನೋಡುತ್ತಿದ್ದರು.

"ಅಲ್ರೀ, ಈ ಕೋಳಿ ಹಿಂದೂ ಇತ್ತು ಅಂತ ಇವರಿಗೆ ಹ್ಯಾಂಗ ಗೊತ್ತಾತು?"

ನಾನು ನಕ್ಕೆ. ಅವರು ನಗಲಿಲ್ಲ, ಖರೇ ಕೇಳಿದ್ದರು. ವಿಮಾನ ಬದಲಿಸಬೇಕಿದ್ದ ಮರುಭೂಮಿಯ ಊರಿನಲ್ಲಿ ಇಳಿಯುವ ತನಕ ಹನಿ ನೀರು ಮುಟ್ಟಲಿಲ್ಲ. ಅಲ್ಲಿನ ನಿಲ್ದಾಣ ಅರಮನೆಯಂತಿತ್ತು. ಆ ಅರಮನೆಯ ಒಂದು ಕಂಬದ ಹಿಂದೆ, ಕೈತೊಳೆಯುವ ನಲ್ಲಿಯಿಂದ ಬಾಟಲಿಯಲ್ಲಿ ನೀರು ತಂದುಕೊಟ್ಟೆ. ಕಾಕಾ ಕಂಬಳಿ ಹಾಸಿಕೊಂಡು ಪೂಜೆ ಮುಗಿಸಿ, ರೊಟ್ಟಿ ಮುರಿದು ಹಿಂಡಿ ಹಚ್ಚಿಕೊಂಡು ತಿಂದರು.

ಅಲ್ಲಿಂದ ಬ್ರೆಜಿಲ್ಲಿಗೆ ಅದೇ ಕಂಪನಿಯ ಇನ್ನೂ ದೊಡ್ಡ ವಿಮಾನ. ಅರ್ಧ ದಿನಕ್ಕಿಂತ ಹೆಚ್ಚಿನ ದಾರಿ. ಹಾಡಹಗಲೇ ಎಲ್ಲ ಕಿಟಕಿ ಮುಚ್ಚಿಸಿ ಕತ್ತಲೆ ಮಾಡಿದರು. ಕಾಕಾ ಕಿಟಕಿ ತೆರೆದರೆ ಒಬ್ಬಳು ಬಂದು ಮುಚ್ಚುತ್ತಿದ್ದಳು. ಹಗಲು ಯಾಕೆ ಮಲಗಬೇಕು ಅಂತ ಕೇಳಿದರೆ, ಪ್ರಯಾಣಿಕರ ಆರಾಮಕ್ಕಾಗಿ ಅಂದಳು. ನಾವೂ ಪ್ರಯಾಣಿಕರೇ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೊಂದಿಸಿಕೊಳ್ಳುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮುಂದಿನ ಸೀಟಿನ ದಪ್ಪ ಮನುಷ್ಯ ತನ್ನ ಸೀಟನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಗೊರಕೆ ಹೊಡೆಯತೊಡಗಿದ. ಅವನ ತಲೆ ಹೆಚ್ಚುಕಡಿಮೆ ಕಾಕಾನ ಮಡಿಲಿಗೇ ಬಂತು.

"ಇಂವಾ ಏನು ತಲ್ಯಾಗ ಹೇನು ನೋಡ್ರಿ ಅನ್ಲತ್ತಾನೇನು?" ಅಂದರು ಕಾಕಾ.

"ಎಬ್ಬಸ್ರೀ."

"ಬ್ಯಾಡ. ಮಲಗಿದವರನ್ನ ಎಬ್ಬಸಬಾರದು." ಎಂಟು ತಾಸು ಅವನ ಬೋಳುತಲೆಯನ್ನು ನೋಡುತ್ತ ಕೂತರು. ನನ್ನ ಪಾದ ಊದಿ ಚಪ್ಪಲಿ ಹಿಡಿಯದಾಯಿತು. ದನಗಳನ್ನಾದರೆ ಇಷ್ಟು ದೂರಕ್ಕೆ ನಡುವೆ ಇಳಿಸಿ, ನೀರು ಕುಡಿಸಿ, ಕಾಲು ಸಡಿಲ ಮಾಡಿಸಬೇಕೆಂಬ ನಿಯಮವಿದೆ. ನಾನೇ ಎಷ್ಟೋ ಡ್ರೈವರುಗಳಿಗೆ ಅದನ್ನು ಬಾಯಿಪಾಠ ಮಾಡಿಸಿದ್ದೇನೆ.

ಇಳಿಯುವ ಮುಂಚೆ ಎದುರಿನ ಪರದೆಯ ಮೇಲೆ ಐದು ಮುಖಗಳು ಮೂಡಿದವು. ಅಳುವ ಮುಖದಿಂದ ಹಲ್ಲು ಕಿಸಿಯುವ ಮುಖದ ತನಕ. ನಮ್ಮ ಸೇವೆ ಹೇಗಿತ್ತು, ಒಂದು ಮುಖ ಒತ್ತಿ ಅಂತ ಬರೆದಿತ್ತು. ಕಾಕಾ ಎಲ್ಲವನ್ನೂ ಗಮನವಿಟ್ಟು ನೋಡಿದರು. "ಇದರಾಗ ಕಾಲು ಹಿಡಕೊಂಡಂವನ ಮಾರಿ ಯಾವುದದ?" ಅದು ಇರಲಿಲ್ಲ. ಏನೂ ಒತ್ತದೆ ಇಳಿದೆವು.

ಬ್ರೆಜಿಲ್ಲಿನ ಬಗ್ಗೆ ಬಹಳ ಬರೆಯುವುದಿಲ್ಲ. ನಾಲ್ಕು ದಿನ ದನ ನೋಡಿದೆವು. ಮಲಗಲು ಮೆತ್ತನೆಯ ಹುಲ್ಲು, ತಲೆಯ ಮೇಲೆ ಫ್ಯಾನು, ಒಂದೊಂದರ ನಡುವೆ ಕಾಕಾ ಅಡ್ಡ ಮಲಗಬಹುದಾದಷ್ಟು ಜಾಗ. ಒಂದು ಬಿಳಿ ಹೋರಿಯ ಕೊರಳ ಕೆಳಗೆ ಜೋಲುವ ಗಂಗೆದೊಗಲು ಸವರುತ್ತ ಕಾಕಾ ಬಹಳ ಹೊತ್ತು ನಿಂತರು. ಕನ್ನಡದಲ್ಲೇ ಅದನ್ನು ಮಾತಾಡಿಸಿದರು, ಅದು ಕಿವಿ ತಿರುಗಿಸಿತು. ಅಲ್ಲಿನ ಒಬ್ಬ ವ್ಯಾಪಾರಿ ತಾನು ಬೇರೆ ದೇಶಗಳಿಗೆ ದನಗಳನ್ನು ವಿಮಾನದಲ್ಲಿ ಕಳಿಸುವ ಬಗೆಯನ್ನು ವಿವರಿಸಿದ: ಕಟಕಟೆ ಕಟ್ಟಿ, ಹುಲ್ಲು ಹಾಸಿ, ಜೊತೆಗೆ ನೋಡಿಕೊಳ್ಳುವವರು ಇಬ್ಬರು ಮತ್ತು ಒಬ್ಬ ಪಶುವೈದ್ಯ.

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದನ್ನು ಕೇಳಿ ಕಾಕಾ ಕಣ್ಣರಳಿಸಿದರು. "ಹಂಗಾರ ವಾಪಸ್ ಹೋಗಾಗ ನಮ್ಮನ್ನ ದನದ ವಿಮಾನದಾಗ ಹಾಕಂತ ಕೇಳ್ರಿ."

ಹಾಗಾಗಲಿಲ್ಲ. ವಾಪಸಾತಿಯ ಮೊದಲ ವಿಮಾನ ಯುರೋಪಿನ ಒಂದು ಕಂಪನಿಯದು. ಬಾಗಿಲಲ್ಲಿ ಒಬ್ಬಳೇ ಹೆಂಗಸು ನಿಂತಿದ್ದಳು. ಕತ್ತರಿಸಿದ ನರೆಗೂದಲು, ಕೊರಳಿಗೆ ದಾರದಲ್ಲಿ ನೇತುಹಾಕಿದ ಕನ್ನಡಕ. ಕಾಕಾ ಶರಣು ಅಂದದ್ದಕ್ಕೆ ಅವರ ಟಿಕೆಟು ನೋಡಿ ಸಾಲಿನ ನಂಬರು ಹೇಳಿದಳು. ಅಷ್ಟೇ. ಕಾಕಾನ ಕಂಬಳಿ ಕಾಲಿನ ಮೇಲೆ ಇದ್ದದ್ದಕ್ಕೆ ಬೈದಳು, ನನ್ನ ಚೀಲ ಅರ್ಧ ಹೊರಗಿದ್ದದ್ದಕ್ಕೆ ಬೈದಳು. ಕಾಕಾ ಮೆಲ್ಲಗೆ, "ಈ ಬಾಯಿ ಶಾಳಾದ ಹೆಡ್‌ಮಾಸ್ತರ ಇದ್ದಂಗ ಇದ್ದಾಳ," ಅಂದರು. ವಿಮಾನ ಹೇಳಿದ ನಿಮಿಷಕ್ಕೇ ಕದಲಿತು. ಅದೊಂದು ವಿಚಿತ್ರ. ನಮ್ಮ ಕಡೆಯ ಬಸ್ಸು ನೋಡಿದವರಿಗೆ ಅದು ಒರಟುತನದ ಹಾಗೆ ಕಾಣುತ್ತದೆ.

ಜಾಗ ಇಲ್ಲೂ ಅಷ್ಟೇ ಇತ್ತು. ನಾನು ಟೇಪು ತೆಗೆಯಲಿಲ್ಲ, ಕಣ್ಣಳತೆಯಲ್ಲೇ ಗೊತ್ತಾಯಿತು. ಈ ಸಲ ಊಟದ ಹೆಸರನ್ನು ಸರಿಯಾಗಿ ಬರೆಸಿದ್ದೆ. ತಣ್ಣನೆಯ ಬ್ರೆಡ್ಡು, ಒಂದು ತುಂಡು ಚೀಸು, ಹೆಸರು ಗೊತ್ತಿಲ್ಲದ ಒಂದು ಎಲೆ. ಉಪ್ಪು ಖಾರ ಯಾವುದರ ಸುಳಿವೂ ಇರಲಿಲ್ಲ. ಆದರೆ ತಿನ್ನುವ ಮೊದಲು ಪೂಜೆ ಆಗಬೇಕಲ್ಲ. ನಾನು ಧೈರ್ಯ ಮಾಡಿ ಆ ಹೆಡ್‌ಮಾಸ್ತರರನ್ನು ಕರೆದು ಹೇಳಿದೆ: ಇವರಿಗೆ ಪೂಜೆ ಇದೆ, ಒಂದು ಲೋಟ ನೀರು ಬೇಕು.

"ಬೆಂಕಿ ಹಚ್ಚುತ್ತೀರಾ?" ಅಂದಳು.

"ಇಲ್ಲ."

"ಹೊಗೆ?"

"ಇಲ್ಲ. ನೀರು, ಮತ್ತೆ ಹಣೆಗೆ ಹಚ್ಚುವ ಬೂದಿ."

"ಎಷ್ಟು ಹೊತ್ತು?"

ಕಾಕಾನನ್ನು ಕೇಳಿದೆ. ಅವರು ಜೀವನದಲ್ಲಿ ಮೊದಲ ಸಲ ಅದನ್ನು ಲೆಕ್ಕ ಹಾಕಿದರು. "ಏಳು ಮಿನಿಟ ಅನ್ರಿ."

ಅವಳು ಕೈಗಡಿಯಾರ ನೋಡಿದಳು. ಕಾಕಾನನ್ನು ಎಬ್ಬಿಸಿಕೊಂಡು ಹಿಂದಿನ ಬಾಗಿಲ ಹತ್ತಿರ ಒಯ್ದು, ತಾನು ಕೂಡುವ ಮಡಚುವ ಸೀಟನ್ನು ಬಿಚ್ಚಿ, ಅದರ ಮೇಲೆ ಶುಭ್ರವಾದ ಬಿಳಿ ಬಟ್ಟೆ ಹಾಸಿದಳು. ಕೈಕಾಲು ತೊಳೆಯಲು ಪಾಯಖಾನೆಯ ಬಾಗಿಲು ತೆರೆದುಕೊಟ್ಟಳು. ಒಂದು ಗಾಜಿನ ಲೋಟದಲ್ಲಿ ನೀರು ಕೊಟ್ಟಳು. ನಮಗೆಲ್ಲ ಕುಡಿಯಲು ಕೊಡುತ್ತಿದ್ದದ್ದು ಕಾಗದದ ಲೋಟ. ಆಮೇಲೆ ಪರದೆ ಎಳೆದು, ಹೊರಗೆ ಪೊಲೀಸರ ಹಾಗೆ ನಿಂತಳು. ಪಾಯಖಾನೆಗೆ ಬಂದ ಇಬ್ಬರನ್ನು ಕೈಸನ್ನೆಯಲ್ಲೇ ಇನ್ನೊಂದು ಕಡೆ ಅಟ್ಟಿದಳು. ಏಳು ನಿಮಿಷ ಆಯಿತು. ಪರದೆಯ ಸಂದಿನಿಂದ ಒಮ್ಮೆ ನೋಡಿದಳು. ಕಾಕಾ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣೆವೆ ಮಿಟುಕಿಸದೆ ಕೂತಿದ್ದರು. ಅವಳು ಸಂದು ಮುಚ್ಚಿ ಮತ್ತೆ ತಿರುಗಿ ನಿಂತಳು.

ಕಾಕಾ ಹೊರಗೆ ಬಂದಾಗ, "ಒಂಬತ್ತು ನಿಮಿಷ," ಅಂದಳು. ದೂರಿದ್ದಲ್ಲ, ದಾಖಲೆಗೆ ಇರಲಿ ಅಂತ ಹೇಳಿದ್ದು. ಸೀಟು ಮಡಚಿ, ಗಾಡಿ ತಳ್ಳಿಕೊಂಡು ಹೋದಳು. ಇಳಿಯುವಾಗಲೂ ನಗಲಿಲ್ಲ. ಕಾಕಾ ಅವಳಿಗೆ ಶರಣು ಅಂದು, ತಲೆ ಸ್ವಲ್ಪ ಹೆಚ್ಚೇ ತಗ್ಗಿಸಿದರು.

ಮೂರನೆಯ ವಿಮಾನ ಆ ಯುರೋಪಿನ ಊರಿನಿಂದ ಹೈದರಾಬಾದಿಗೆ. ಅದು ಯಾವ ದೇಶದ ಕಂಪನಿಯದೆಂದು ಹೇಳುವುದಿಲ್ಲ, ಆ ವಿಮಾನಕ್ಕೂ ಅದು ಸರಿಯಾಗಿ ನೆನಪಿದ್ದಂತೆ ಕಾಣಲಿಲ್ಲ. ನನ್ನ ಸೀಟಿನ ಕೈ ಕಿತ್ತು ಬರುತ್ತಿತ್ತು. ಕಾಕಾನ ಮುಂದಿನ ಮೇಜು ತಾನೇ ಬಿಚ್ಚಿಕೊಂಡು ಮೊಳಕಾಲಿಗೆ ಬಡಿಯುತ್ತಿತ್ತು, ರುಮಾಲಿನ ಒಂದು ಸೆರಗಿನಿಂದ ಅದನ್ನು ಕಟ್ಟಿದೆವು. ಎಲ್ಲರನ್ನೂ ಕೂಡಿಸಿ, ಬಾಗಿಲು ಹಾಕಿ, ಮೂರು ತಾಸು ನೆಲದ ಮೇಲೇ ನಿಲ್ಲಿಸಿದರು. ಏಸಿ ಬಂದ್ ಆಗಿತ್ತು. ನಾಲ್ಕರಲ್ಲಿ ಎರಡು ಪಾಯಖಾನೆಗೆ ಬೀಗ. ಇಲ್ಲಿನ ಗಗನಸಖಿಯರು ನಮ್ಮ ಅತ್ತಿಗೆ ನಾದಿನಿಯರ ವಯಸ್ಸಿನವರು. ಅವರೂ ಬೆವರು ಒರೆಸಿಕೊಳ್ಳುತ್ತ, ಕಂಪನಿಯನ್ನು ನಮ್ಮೊಡನೆ ಸೇರಿಯೇ ಬೈಯುತ್ತ, ಇದ್ದಬದ್ದ ಚಹಾ ಹಂಚಿದರು. ಕಾಕಾನಿಗೆ ಪೂಜೆಗೆ ನೀರು ಕೇಳಿದರೆ ಎರಡು ಬಾಟಲಿ ತಂದು ಮಡಿಲಲ್ಲಿಟ್ಟರು. ಪೂಜೆಗೆ ಜಾಗ ಮಾತ್ರ ಎಲ್ಲೂ ಇರಲಿಲ್ಲ. ಕಾಕಾ ಕಿಟಕಿಯ ಕಡೆ ಮುಖ ಮಾಡಿ, ತಲೆಯ ಮೇಲೆ ಕಂಬಳಿ ಹೊದ್ದು, ಕೂತಲ್ಲೇ ಮುಗಿಸಿದರು.

ಹಾರಿದ ನಾಲ್ಕೈದು ತಾಸಿಗೆ ಮೈಕಿನಲ್ಲಿ, ವಿಮಾನದಲ್ಲಿ ಯಾರಾದರೂ ಡಾಕ್ಟರು ಇದ್ದೀರಾ ಅಂತ ಕೇಳಿದರು. ನಾನು ತಲೆ ತಗ್ಗಿಸಿದೆ. ಕಾಕಾ ಎದ್ದು ನಿಂತು, ಮೇಲಿನ ಪೆಟ್ಟಿಗೆಗೆ ತಲೆ ಬಡಿಸಿಕೊಂಡು, ಕೈ ಎತ್ತಿಬಿಟ್ಟರು. "ಇಲ್ಲಿ ಅದಾರ್ರೀ! ಡಾಕ್ಟರಬಾಯಿ ಇಲ್ಲಿ ಅದಾರ!"

"ಕಾಕಾ, ನಾ ದನದ ಡಾಕ್ಟರ," ಅಂದೆ.

"ಮತ್ತ? ಬಾಯಿ ಬರಲಾರದವಕ್ಕ ಔಷಧ ಕೊಡ್ತೀರಿ. ಇವರಿಗಿ ಬಾಯಿ ಬರ್ತದ, ಇನ್ನಾ ಹಗುರ ಅಲ್ಲೇನು?"

ಹಿರಿಯ ಗಗನಸಖಿ ಬಂದಳು. ನಾನು ಗುರುತಿನ ಚೀಟಿ ತೋರಿಸಿದೆ. ಅವಳು ಅದನ್ನು ಓದಿ, ನನ್ನ ಮುಖ ನೋಡಿ, ಮತ್ತೆ ಓದಿದಳು. ಬೇರೆ ಯಾರೂ ಎದ್ದಿರಲಿಲ್ಲ. ನಡೀರಿ ಅಂದಳು.

ನಮಗಿಂತ ಹತ್ತು ಸಾಲು ಮುಂದೆ, ಕಿಟಕಿಯ ಪಕ್ಕ, ಹೈದರಾಬಾದಿನ ಕಡೆಯ ಒಬ್ಬ ವಯಸ್ಸಾದವರು. ಮುಖ ಬಿಳಿಚಿಕೊಂಡಿತ್ತು, ಮೈ ತಣ್ಣಗಿತ್ತು, ಕಣ್ಣು ಮೇಲೆ ಹೋಗುತ್ತಿತ್ತು. ನಾಡಿ ಹಿಡಿದೆ, ಓಡುತ್ತಿತ್ತು. ಕೈಮೇಲಿನ ಚರ್ಮ ಚಿವುಟಿ ಬಿಟ್ಟೆ. ಒಣಗಿದ ದನದ ಚರ್ಮದ ಹಾಗೆ ಅದು ನಿಧಾನಕ್ಕೆ ಇಳಿಯಿತು. ಎದೆನೋವು ಇದೆಯೇ, ಸಕ್ಕರೆ ಕಾಯಿಲೆ ಇದೆಯೇ ಅಂತ ದಖನಿ ಉರ್ದುವಿನಲ್ಲಿ ಕೇಳಿದೆ. ಎರಡೂ ಇಲ್ಲ.

"ನೀರು ಯಾವಾಗ ಕುಡಿದಿರಿ?"

ಅವರು ಪಕ್ಕದ ಇಬ್ಬರ ಕಡೆ ನೋಡಿ ಸಂಕೋಚಪಟ್ಟರು. ನಿನ್ನೆಯಿಂದ ಪ್ರಯಾಣದಲ್ಲಿದ್ದರು. ಹಿಂದಿನ ವಿಮಾನದಲ್ಲೂ ಕಿಟಕಿಯ ಸೀಟು, ಇಲ್ಲೂ ಕಿಟಕಿಯ ಸೀಟು. ಎದ್ದು ಹೋಗಬೇಕೆಂದರೆ ಮಲಗಿದ ಇಬ್ಬರನ್ನು ದಾಟಬೇಕು, ಆ ಮೇಲೆ ಎರಡು ಪಾಯಖಾನೆಗೆ ಅಷ್ಟುದ್ದದ ಸಾಲು. ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಟೆಂಪೋದಲ್ಲಿ ಹೀಗೆ ಬಂದ ದನಗಳನ್ನು ಎಷ್ಟೋ ನೋಡಿದ್ದೇನೆ, ಡ್ರೈವರನ ಮೇಲೆ ಕೂಗಾಡಿದ್ದೇನೆ. ಇಲ್ಲಿ ಯಾರ ಮೇಲೆ ಕೂಗಾಡಬೇಕೋ ತಿಳಿಯಲಿಲ್ಲ.

"ಇವರನ್ನ ಉದ್ದಕ್ಕ ಮಲಗಿಸಬೇಕು, ಕಾಲು ಮೇಲೆ ಇಡಬೇಕು," ಅಂದೆ. ಹಿರಿಯ ಗಗನಸಖಿ ಸುತ್ತ ನೋಡಿದಳು. ಉದ್ದಕ್ಕೆ ಮಲಗುವ ಜಾಗ ಇದ್ದದ್ದು ಪರದೆಯ ಆಚೆ. ಅಲ್ಲಿ ಆರು ಮಂಚದ ಸೀಟುಗಳಲ್ಲಿ ನಾಲ್ಕು ಖಾಲಿ. ಕಿರಿಯವಳೊಬ್ಬಳು, ಟಿಕೆಟ್ ಇಲ್ಲದವರನ್ನು ಅಲ್ಲಿ ಕೂಡಿಸುವಂತಿಲ್ಲ, ನಿಯಮ ಇದೆ ಅಂದಳು. ಹಿರಿಯವಳು ನಿಯಮದ ಕಡೆಗೂ ನೋಡಿದಳು, ನನ್ನ ಕಡೆಗೂ ನೋಡಿದಳು. ಅಷ್ಟರಲ್ಲಿ ಕಾಕಾ ನನ್ನ ಹಿಂದೆಯೇ ಬಂದವರು ಆ ಮನುಷ್ಯನ ಬಗಲಿಗೆ ಕೈ ಹಾಕಿ, ಹೊಸದಾಗಿ ಹುಟ್ಟಿದ ಕರುವನ್ನು ಎತ್ತುವಂತೆ ಎತ್ತಿಬಿಟ್ಟಿದ್ದರು. ಹಿರಿಯವಳು ಪರದೆ ಸರಿಸಿ ಹಿಡಿದಳು.

ನೀರಿಗೆ ಉಪ್ಪು ಸಕ್ಕರೆ ಹಾಕಿ ಸ್ವಲ್ಪಸ್ವಲ್ಪವೇ ಕುಡಿಸಿದೆ. ಕಾಕಾ ಕಾಲು ತಿಕ್ಕಿದರು. ಒಂದು ತಾಸಿನೊಳಗೆ ಬಣ್ಣ ಬಂತು. ಎರಡು ತಾಸಿಗೆ ಎದ್ದು ಕೂತು, ತನ್ನನ್ನು ಎಲ್ಲಿಗೆ ತಂದಿದ್ದೀರಿ, ಇಲ್ಲಿ ಕೂತರೆ ಬೈಯುವುದಿಲ್ಲವೇ ಅಂತ ಕೇಳಿದರು. ನನ್ನನ್ನು ಯಾವ ಆಸ್ಪತ್ರೆಯಲ್ಲಿ ಇರುತ್ತೀರಿ ಅಂತ ವಿಚಾರಿಸಿದರು. ಉದಗೀರದ ಹತ್ತಿರ, ಸರ್ಕಾರಿ ದವಾಖಾನೆ ಅಂದೆ. ಅದಕ್ಕಿಂತ ಹೆಚ್ಚಿನ ವಿವರ ಅವರ ಆರೋಗ್ಯಕ್ಕೆ ಬೇಕಾಗಿರಲಿಲ್ಲ. ಹಿರಿಯ ಗಗನಸಖಿ ಕಾಕಾನಿಗೂ ಅಲ್ಲೇ ಕೂಡಲು ಹೇಳಿದಳು. ಹೈದರಾಬಾದು ಬರುವ ತನಕ ಅವರು ಮಂಚದ ಸೀಟಿನಲ್ಲಿ ಎರಡೂ ಕಾಲು ಚಾಚಿ ಕೂತಿದ್ದರು, ನಿದ್ದೆ ಮಾತ್ರ ಮಾಡಲಿಲ್ಲ. ನಿದ್ದೆ ಮಾಡಿದರೆ ಕಾಲು ಚಾಚಿದ್ದು ಗೊತ್ತಾಗುವುದಿಲ್ಲವಂತೆ.

ಊರಿಗೆ ಬಂದ ಎರಡು ವಾರಕ್ಕೆ ಮೇಲಿನ ಕಚೇರಿಯಿಂದ ಒಂದು ಫಾರ್ಮು ಬಂತು, ವಿದೇಶ ಪ್ರವಾಸದ ವರದಿ. ವಿಮಾನದ ಸೀಟು ಹೇಗಿತ್ತು, ಊಟ ಹೇಗಿತ್ತು, ಸಿಬ್ಬಂದಿಯ ನಡವಳಿಕೆ ಹೇಗಿತ್ತು, ಶುಚಿತ್ವ, ಮನರಂಜನೆ. ಮುಂದೆ ಹೋಗುವ ಅಧಿಕಾರಿಗಳಿಗೆ ಅನುಕೂಲವಾಗಲಿ ಅಂತ ಇತ್ತು. ಮೂರು ಪುಟ ತಿರುವಿ ಹಾಕಿದೆ. ದನದ ಬಗ್ಗೆ ಒಂದು ಕಾಲಮ್ಮೂ ಇರಲಿಲ್ಲ.

ಫಾರ್ಮು ಹಿಡಿದು ಕಾಕಾನ ಕೊಟ್ಟಿಗೆಗೆ ಹೋದೆ. ಅವರು ಹೋರಿಗೆ ಮೇವು ಹಾಕುತ್ತ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಒಂದನೆಯ ವಿಮಾನ: ಬಾಗಿಲದಾಗಷ್ಟೇ ಛಲೋ ಅದ. ಎರಡನೆಯದು: ಬಾಯಿ ಬೈತಾಳ, ಕೆಲಸ ಮಾಡ್ತಾಳ. ಮೂರನೆಯದು: ಮಂದಿ ಬಂಗಾರದಂಥವರು, ವಿಮಾನ ಗುಜರಿಗಿ ಹಾಕಬೇಕು. ಸೀಟಿನ ಕಾಲಮ್ಮಿನಲ್ಲಿ ಮೂರಕ್ಕೂ ಒಂದೇ ಉತ್ತರ: ಡಾಕ್ಟರಬಾಯಿ ಸಹಿ ಹಾಕಂಗಿಲ್ಲ.

ನಾನು ಅದನ್ನೇ ಸರ್ಕಾರಿ ಮರಾಠಿಗೆ ತಿರುಗಿಸಿ, ಟೇಪಿನ ಅಳತೆಯನ್ನೂ ಸೇರಿಸಿ ಕಳಿಸಿದೆ. ಉತ್ತರವಾಗಿ ಬಂದದ್ದು ನೋಟೀಸು. ಸರ್ಕಾರಿ ಟೇಪನ್ನು ಪೂರ್ವಾನುಮತಿಯಿಲ್ಲದೆ ವಿದೇಶಕ್ಕೆ ಒಯ್ದದ್ದು ಯಾಕೆ? ಟೇಪು ನನ್ನ ಸ್ವಂತದ್ದು ಅಂತ ಬರೆದೆ. ಹಾಗಿದ್ದರೆ ಸರ್ಕಾರಿ ಕೆಲಸಕ್ಕೆ ಖಾಸಗಿ ಟೇಪು ಬಳಸುತ್ತಿರುವುದು ಯಾಕೆ ಅಂತ ಎರಡನೆಯ ನೋಟೀಸು ಬಂತು. ಅದಕ್ಕೆ ಇನ್ನೂ ಉತ್ತರ ಬರೆದಿಲ್ಲ.

ಮುಂದಿನ ವರ್ಷ ಬ್ರೆಜಿಲ್ಲಿನವರು ಮತ್ತೆ ಕರೆದರು. ಈ ಸಲ ನಮ್ಮ ದೊಡ್ಡ ಸಾಹೇಬರೇ ಹೋಗಿ ಬಂದರು. ಉದಗೀರದಲ್ಲಿ ದನ ಸಾಕುವವರ ಸಭೆ ಕರೆದು ತಮ್ಮ ಅನುಭವ ಹೇಳಿದರು. ಕಾಕಾನೂ ನಾನೂ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಸಾಹೇಬರು ಪರದೆಯ ಆಚೆಯ ಮೇಲಿನ ದರ್ಜೆಯಲ್ಲಿ ಹೋಗಿದ್ದರು. ಸೀಟು ಗುಂಡಿ ಒತ್ತಿದರೆ ಹಾಸಿಗೆ ಆಗುವುದು, ಮುಖ ಒರೆಸಲು ಬಿಸಿ ಬಟ್ಟೆ ಕೊಡುವುದು, ಊಟ ನಾಲ್ಕು ಸಲ ಬೇರೆ ಬೇರೆ ತಟ್ಟೆಯಲ್ಲಿ ಬರುವುದು, ಎಲ್ಲವನ್ನೂ ಮರಾಠಿಯಲ್ಲಿ ಸವಿಸ್ತಾರವಾಗಿ ವರ್ಣಿಸಿದರು. ಮುಕ್ಕಾಲು ತಾಸು ಆಯಿತು. ಪ್ರಶ್ನೆ ಇದ್ದರೆ ಕೇಳಿ ಅಂದರು.

ಕಾಕಾ ಎದ್ದು ಕೈಮುಗಿದರು. "ಸಾಹೇಬ, ಅಲ್ಲಿ ದನಗೋಳು ಹ್ಯಾಂಗ ಅದಾವ್ರೀ?"

ಸಾಹೇಬರು ನೀರು ಕುಡಿದರು. ಬಾಟಲಿಯ ಮುಚ್ಚಳ ಹಾಕುತ್ತ, ದನಗಳೂ ಚೆನ್ನಾಗಿದ್ದವು ಅಂದರು.